ಹೆಗಲೇರಿ ಬಂದ ದೋಣಿ

ದೋಣಿಯು ಮನುಷ್ಯನನ್ನು ಹೊರುವುದು ಲೋಕದ ರೂಢಿ. ಮನುಷ್ಯನೇ ದೋಣಿಯನ್ನು ಹೊತ್ತು ನಡೆಯುವುದೆಂದರೆ ಕೇಳಿದವರಿಗೆ ನಗು ಬರಬಹುದು. ಆದರೆ ನಮ್ಮ ನಾಡಿಗೆ ಇದು ಹೊಸತೇನೂ ಅಲ್ಲ. ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿ ಮಾಡಿದ ಹರಿಗೋಲನ್ನು ಕೊಡೆಯಂತೆ ತಲೆಯ ಮೇಲೆ ಕವುಚಿಕೊಂಡು ತುಂಗಭದ್ರೆಯ ದಡದಲ್ಲಿ ನಡೆಯುತ್ತಿದ್ದ ಅಂಬಿಗರನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬೇಕು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಬುಟ್ಟಿದೋಣಿಗಳನ್ನು ನೋಡಿ, ಅವು ನೇರವಾಗಿ ಸಾಗಲಾರದೆ ಸದಾ ಸುತ್ತುತ್ತಿರುತ್ತವೆ ಎಂದು ಬರೆದಿಟ್ಟಿದ್ದಾನೆ.

ಹರಿಗೋಲಿನ ದೂರದ ಬಂಧುವೊಂದು ಉತ್ತರಧ್ರುವದ ಬಳಿಯ ಹಿಮನಾಡಿನಲ್ಲಿದೆ. ಅದರ ಹೆಸರು ಕಯಾಕ್. ಗ್ರೀನ್‌ಲ್ಯಾಂಡ್ ಮೊದಲಾದ ಕಡೆಗಳ ಇನ್ಯುಯಿಟ್ ಜನರು, ಕಡಲು ದಡಕ್ಕೆಸೆದ ಮರದ ತುಂಡುಗಳಿಂದ ಹಂದರ ಕಟ್ಟಿ, ಅದಕ್ಕೆ ಸೀಲ್ ಪ್ರಾಣಿಯ ಚರ್ಮವನ್ನು ಹೊಲಿದು ಮಾಡಿದ ಬೇಟೆಯ ದೋಣಿಯಿದು. ದರ್ಜಿಯು ಅಂಗಿಗೆ ಅಳತೆ ತೆಗೆಯುವಂತೆ, ಏರುವವನ ಮೈಯಳತೆಗೆ ತಕ್ಕಂತೆ ಅದನ್ನು ಕಟ್ಟುತ್ತಿದ್ದರು. 1905ರಲ್ಲಿ ಆಲ್ಫ್ರೆಡ್ ಹಾಯ್ರಿಶ್ ಎಂಬ ಜರ್ಮನ್ ವಿದ್ಯಾರ್ಥಿ ಇದನ್ನು ಮಡಚಿಡಬಹುದಾದ ದೋಣಿಯನ್ನಾಗಿ ಮಾರ್ಪಡಿಸಿದನು. ಅಂಥ ದೋಣಿಯೊಂದರಲ್ಲಿಯೇ ಆಸ್ಕರ್ ಸ್ಪೆಕ್ ಎಂಬಾತ 1932ರಲ್ಲಿ ಜರ್ಮನಿಯ ಉಲ್ಮ್ ನಗರದಿಂದ ಹೊರಟು, ಭಾರತದ ಕರಾವಳಿಯನ್ನೂ ಬಳಸಿ, 1939ರಲ್ಲಿ ಆಸ್ಟ್ರೇಲಿಯಾದ ನೆಲವನ್ನು ಮುಟ್ಟಿದನು!

ಭೌತಶಾಸ್ತ್ರದ ಅಧ್ಯಾಪಕರಾದ ನನ್ನ ಮಿತ್ರರು ಈಚೆಗೆ ಕೊಂಡದ್ದು ಇದೇ ವಂಶದ ಕುಡಿ; ಗಾಳಿ ತುಂಬುವ ಜಾತಿಯದು. ಮಡಚಿದರೆ ಹಾಸಿಗೆಯ ಸುರುಳಿಯಷ್ಟು. ತೂಕ 14 ಕಿಲೋ. ಬೆಂಗಳೂರಿನಿಂದ ತಾಳಗುಪ್ಪಕ್ಕೆ ಹೊರಟ ರಾತ್ರಿಯ ರೈಲಿನಲ್ಲಿ ಅದು ನಮ್ಮ ಆಸನದ ಕೆಳಗೆ ಸುಖವಾಗಿ ಮಲಗಿತ್ತು. ಚೀಲದಲ್ಲೇನೆಂದು ಎದುರಿನ ತಾಯಿಯವರು ವಿಚಾರಿಸಿದಾಗ ಮಿತ್ರರು "ದೋಣಿ" ಎಂದರು. ಆ ತಾಯಿ ಮತ್ತೆ ಪ್ರಶ್ನಿಸಲಿಲ್ಲ. ತಮ್ಮ ಮಗುವನ್ನು ಮಾತ್ರ ಕೊಂಚ ಹತ್ತಿರಕ್ಕೆ ಎಳೆದುಕೊಂಡರು.

ತಾಳಗುಪ್ಪದಿಂದ ಆಟೋರಿಕ್ಷಾ ಹಿಡಿದು ನಾವು ತಲಪಿದ್ದು ಹೊನ್ನೆಮರಡು. 1964ರಲ್ಲಿ ಲಿಂಗನಮಕ್ಕಿಯಲ್ಲಿ ಶರಾವತಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ಇಲ್ಲಿ ಗುಡ್ಡಗಳ ನಡುವೆ ಕೈಚಾಚಿ ಮಲಗಿದೆ. ಅಲ್ಲಿನವರ ಅನುಮತಿ ಪಡೆದು, ಬೆಳಗಿನ ಮಂಜು ಕರಗುವ ಹೊತ್ತಿಗೆ ಪಂಪಿನಿಂದ ಗಾಳಿಯೂದಲು ತೊಡಗಿದೆವು. ಸುಕ್ಕುಗಟ್ಟಿದ್ದ ಬಟ್ಟೆ ಹತ್ತೇ ನಿಮಿಷಗಳಲ್ಲಿ ಬೆನ್ನು ನೆಟ್ಟಗೆ ಮಾಡಿ ದೋಣಿಯಾಯಿತು. ಅದರಲ್ಲಿ ಗಾಳಿಯ ಕೋಶಗಳು ಮೂರು. ಒಂದು ಹರಿದರೂ ಉಳಿದೆರಡು ತೇಲಿಸುತ್ತವೆ. ಆದರೂ ಜೀವರಕ್ಷಕ ಅಂಗಿಯನ್ನು ತೊಡದೆ ನೀರಿಗಿಳಿಯಕೂಡದು.

ಕಯಾಕಿನಲ್ಲಿ ಕುಳಿತವನ ಸೊಂಟ ಹೆಚ್ಚುಕಡಿಮೆ ನೀರಿನ ಮಟ್ಟದಲ್ಲಿಯೇ ಇರುತ್ತದೆ. ಹುಟ್ಟಿಗೆ ಎರಡೂ ತುದಿಗಳಲ್ಲಿ ಅಲಗು. ಬಲಕ್ಕೆ ಎಳೆದರೆ ಮೂತಿ ಎಡಕ್ಕೆ, ಎಡಕ್ಕೆ ಎಳೆದರೆ ಬಲಕ್ಕೆ. ಎಳೆಯಬೇಕಾದದ್ದು ತೋಳಿನಿಂದಲ್ಲ, ನಡುವನ್ನು ತಿರುಗಿಸಿ. ಮೊದಲ ಕಾಲು ಗಂಟೆ ನಾವು ಪಾಯೆಸ್ ಕಂಡ ಹರಿಗೋಲಿನಂತೆಯೇ ಗಿರಗಿರನೆ ಸುತ್ತಿದೆವು. ಎಡಬಲಗಳ ಎಳೆತ ಸಮವಾದೊಡನೆ, ಹಿಂಬದಿಯ ಅಡಿಯಲ್ಲಿರುವ ಚಿಕ್ಕ ರೆಕ್ಕೆಯ ನೆರವಿನಿಂದ ದೋಣಿ ಗೆರೆ ಎಳೆದಂತೆ ಸಾಗತೊಡಗಿತು. ಯಂತ್ರದ ಸದ್ದಿಲ್ಲ, ಹುಟ್ಟಿನಿಂದ ತೊಟ್ಟಿಕ್ಕುವ ಹನಿಗಳ ಸದ್ದೊಂದೇ. ಆ ಆನಂದವನ್ನು ಅನುಭವಿಸಿಯೇ ಅರಿಯಬೇಕು.

ನಮ್ಮ ಪಕ್ಕದಲ್ಲಿ ತಮ್ಮ ಪುಟ್ಟ ಮರದ ದೋಣಿಯಲ್ಲಿ ಬರುತ್ತಿದ್ದವರು ಎಪ್ಪತ್ತು ದಾಟಿದ ಹಿರಿಯರೊಬ್ಬರು. ಈ ಹಿನ್ನೀರಿನಲ್ಲಿ ಮುಳುಗಿದ ಮರಗಳ ಮೋಟುಗಳು ಇಂದಿಗೂ ನಿಂತಿವೆ. ಕೆಲವು ಮೇಲಕ್ಕೆ ಕಾಣುತ್ತವೆ, ಕೆಲವು ಗೇಣುದ್ದ ನೀರಿನ ಕೆಳಗೆ ಕಾದಿರುತ್ತವೆ. ಗಾಳಿಯ ದೋಣಿಗೆ ಅವು ಈಟಿಗಳೇ ಸರಿ. ಅವರು ಆಗಾಗ ಕೂಗಿ ಎಚ್ಚರಿಸುತ್ತಿದ್ದರು: "ಎಡಕ್ಕೆ ಬನ್ನಿ, ಅಲ್ಲಿ ಹಲಸಿನ ಮರ ಇದೆ. ಇನ್ನೂ ಎಡಕ್ಕೆ. ಈಗ ನೇರ ಬನ್ನಿ, ಇದು ಗಾಡಿ ದಾರಿ."

ಸುತ್ತ ಎಲ್ಲಿ ನೋಡಿದರೂ ಬರಿಯ ನೀರು! ಹಲಸೆಲ್ಲಿ, ಗಾಡಿಯ ದಾರಿಯೆಲ್ಲಿ? ಹುಡುಗನಾಗಿದ್ದಾಗ ಅವರು ಓಡಾಡಿದ ಊರು ನಮ್ಮ ಕೆಳಗಿತ್ತು. ನೀರು ಏರಿ ಬಂದ ವರ್ಷ ಮನೆಯ ತೊಲೆ, ಬಾಗಿಲು, ಹಂಡೆ, ದನಕರು ಇವುಗಳನ್ನು ಸಾಗಿಸಿಕೊಂಡು ಅವರ ತಂದೆ ಊರು ಬಿಟ್ಟರಂತೆ. ಅರವತ್ತು ವರ್ಷಗಳಾಚೆಯ ಆ ಊರಿನ ನಕ್ಷೆ ಅವರ ನೆನಪಿನಲ್ಲಿ ಒಂದು ಗೆರೆಯೂ ಮಾಸದೆ ಉಳಿದಿದೆ; ಅದನ್ನು ನಂಬಿಯೇ ನಾವು ಕ್ಷೇಮವಾಗಿ ಸಾಗುತ್ತಿದ್ದೆವು. ಜಲಾಶಯ ತುಂಬಿದಾಗ ಅದರ ಮಟ್ಟ 1819 ಅಡಿ ಎಂಬುದನ್ನು ನಾನು ಓದಿ ಬಲ್ಲೆ. ಆ ಅಡಿಗಳಲ್ಲಿ ಯಾರ ಅಂಗಳ ಎಲ್ಲಿದೆಯೆಂಬುದನ್ನು ಅಂಥ ಹಿರಿಯರಿಂದಲೇ ಕೇಳಿ ತಿಳಿಯಬೇಕು.

ಹತ್ತು ಗಂಟೆಯ ಹೊತ್ತಿಗೆ ಗಾಳಿ ಎದ್ದಿತು. ಹಗುರ ದೋಣಿಗೆ ಗಾಳಿಯೇ ವೈರಿಯಾದುದರಿಂದ ದಡ ಸೇರಿದೆವು. ಮಿತ್ರರು ಗಾಳಿ ಬಿಟ್ಟು, ಒರೆಸಿ, ಒಣಗಿಸಿ, ದೋಣಿಯನ್ನು ಸುರುಳಿ ಸುತ್ತುವುದನ್ನು ಹಿರಿಯರು ಕುತೂಹಲದಿಂದ ನೋಡುತ್ತ ನಿಂತಿದ್ದರು. ಚೀಲದ ಬಾಯಿ ಕಟ್ಟಿದ ಮೇಲೆ ನಕ್ಕು ಹೇಳಿದರು: "ಚೆನ್ನಾಗಿದೆ ಮೇಷ್ಟ್ರೇ. ನಮ್ಮ ಗದ್ದೆ ತೋಟಾನ ಹೀಗೆ ಮಡಚೋಕೆ ಬರ್ಲಿಲ್ಲ ನೋಡಿ."