ಕೇಳಿಸದ ಅಳು

ಬಾಯಿ ತೆರೆದು ಅಳುತ್ತಿರುವ ಮಗುವಿನ ಕಣ್ಣಂಚಿನಲ್ಲಿ ನೀರಿದ್ದು, ಶಬ್ದ ಮಾತ್ರ ಇಲ್ಲದಿರುವುದನ್ನು ತಾವು ಕಂಡಿದ್ದೀರಾ? ವೆಂಟಿಲೇಟರಿನ ಕೊಳವೆ ಧ್ವನಿತಂತುಗಳ ನಡುವೆ ಹಾದು ಶ್ವಾಸನಾಳಕ್ಕಿಳಿಯುವುದರಿಂದ ಅಳು ಕೇಳಿಸದು. 2014ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ರೋಗಿಗಳನ್ನು ಸಂದರ್ಶಿಸಲು ಹೋಗುತ್ತಿದ್ದ ನನಗೆ ಇದನ್ನು ತೋರಿಸಿಕೊಟ್ಟವರು ವೈದ್ಯರಲ್ಲ, ಒಬ್ಬ ತಾಯಿ.

ಆಕೆಯ ಮಗನಿಗೆ ಆಗ ಏಳು ತಿಂಗಳು. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಅನುವಂಶೀಯ ಕಾಯಿಲೆ, ಅದರಲ್ಲೂ ಉಗ್ರವಾದ ಮೊದಲ ಬಗೆಯದು. ಬೆನ್ನುಹುರಿಯ ನರಕೋಶಗಳು ನಶಿಸಿ ಸ್ನಾಯುಗಳು ಸೊರಗುತ್ತವೆ. ಕತ್ತು ನಿಲ್ಲದು, ಎದೆಗೂಡಿನ ಸ್ನಾಯುಗಳು ಸೋತು ಮಗು ಹೊಟ್ಟೆಯಿಂದಲೇ ಉಸಿರೆಳೆಯುತ್ತದೆ, ಕಫವನ್ನು ಕೆಮ್ಮಿ ಹೊರಹಾಕಲಾರದು. ಬುದ್ಧಿಗೆ ಮಾತ್ರ ಕುಂದಿಲ್ಲ. ನನ್ನ ಕೊರಳಿನ ಶಿಲುಬೆಯನ್ನು ಆ ಕಣ್ಣುಗಳು ಅತ್ತಿತ್ತ ಹಿಂಬಾಲಿಸುತ್ತಿದ್ದವು.

ನ್ಯುಮೋನಿಯಾ ಬಂದಾಗ ಮೊದಲು ಮಾಸ್ಕ್ ಕಟ್ಟಿ ಒತ್ತಡದಿಂದ ಗಾಳಿ ನೀಡಿದರು. ಅದು ಸಾಲದಾಯಿತು. ಇನ್ನು ಕೊಳವೆ ಇಳಿಸಬೇಕು, ಇಲ್ಲವೇ ಅಲ್ಲಿಗೇ ನಿಂತು ಸಂಕಟವನ್ನಷ್ಟೇ ಶಮನಗೊಳಿಸಬೇಕು. ಇಳಿಸಿದ ಕೊಳವೆಯನ್ನು ತೆಗೆಯಲಾಗದಿದ್ದರೆ ಕತ್ತಿನಲ್ಲಿ ರಂಧ್ರ ಮಾಡಿ ಯಂತ್ರಕ್ಕೆ ಜೋಡಿಸಬೇಕಾದೀತು ಎಂದೂ ವೈದ್ಯರು ವಿವರಿಸಿದರು. ತಂದೆ ನನ್ನತ್ತ ತಿರುಗಿದರು. "ಸ್ವಾಮಿ, ಬೇಡವೆಂದರೆ ಪಾಪವಾಗುತ್ತದೆಯೇ?"

"ಜೀವ ದೇವರದು, ಯಾವುದನ್ನೂ ಬಿಡಬೇಡಿ" ಎಂದುಬಿಟ್ಟೆ. ಕೇಳಲು ಭಕ್ತಿಯ ಮಾತು. ವಾಸ್ತವದಲ್ಲಿ ಎದುರಿಗಿದ್ದವರನ್ನು ಆಲಿಸದವನ ಮಾತು. ಧರ್ಮಸಭೆ ಹಾಗೆ ಬೋಧಿಸಿರಲೂ ಇಲ್ಲ. 1957ರ ನವೆಂಬರ್ 24ರಂದು ಅರಿವಳಿಕೆ ತಜ್ಞರನ್ನು ಉದ್ದೇಶಿಸಿ ಮಾತನಾಡಿದ ಜಗದ್ಗುರು ಹನ್ನೆರಡನೆಯ ಪಿಯುಸರು ಕೃತಕ ಉಸಿರಾಟದ ಪ್ರಶ್ನೆಯನ್ನೇ ಎತ್ತಿಕೊಂಡಿದ್ದರು. ರೋಗಿಗೂ ಇತರರಿಗೂ ಅತೀವ ಹೊರೆಯಾಗದ ಸಾಧಾರಣ ಉಪಾಯಗಳಿಗೆ ಮಾತ್ರ ನಾವು ಬದ್ಧರು. ಹೊರೆ ಮೀರಿದಲ್ಲಿ ನಿಲ್ಲಿಸುವಂತೆ ಕುಟುಂಬದವರು ಕೇಳಬಹುದು ಎಂಬುದು ಅವರ ಉತ್ತರದ ಸಾರ. ಗುರುಮಠದಲ್ಲಿ ಇದನ್ನೋದಿ ಪರೀಕ್ಷೆಯನ್ನೂ ಬರೆದಿದ್ದೆ! ಐಸಿಯು ಬಾಗಿಲಲ್ಲಿ ನೆನಪಾಗಲಿಲ್ಲ.

ಹತ್ತೊಂಬತ್ತು ದಿನ ಕೊಳವೆ. ಹತ್ತೊಂಬತ್ತು ದಿನವೂ ಆ ಮೂಕ ಅಳು. ಕೊನೆಗೆ ಕೊಳವೆ ಹೊರಬಂದು, ಮಗು ಮಾಸ್ಕಿನೊಡನೆ ಚಿಕ್ಕಮಗಳೂರಿನ ಕಡೆಯ ತಮ್ಮ ಊರು ಸೇರಿತು. ತಂದೆ ಸಾಲ ಮಾಡಿ ಕಫ ಹೀರುವ ಯಂತ್ರ ಕೊಂಡರು. ಮಳೆಗಾಲದಲ್ಲಿ ಕರೆಂಟು ಹೋದೀತೆಂದು ಯುಪಿಎಸ್ ಕೂಡ.

ಮೂರು ತಿಂಗಳಲ್ಲಿ ಮತ್ತೆ ಜ್ವರ, ಮತ್ತೆ ಅದೇ ವಾರ್ಡು. "ಸ್ವಾಮಿ, ಈ ಸಲ ಅವನ ದನಿ ತೆಗೀಬೇಡಿ" ಎಂದರು ತಾಯಿ. ವೈದ್ಯರಿಗಲ್ಲ, ನನಗೆ. ನಾನು ಉಪದೇಶಿಸಲಿಲ್ಲ. ಎಲ್ಲರೂ ಕುಳಿತು ಮಾತನಾಡಿದೆವು. ಮಾಸ್ಕ್ ಇರಲಿ, ಕೊಳವೆ ಬೇಡ, ಏದುಸಿರಿನ ಸಂಕಟಕ್ಕೆ ಮಾರ್ಫಿನ್ ಎಂದಾಯಿತು. ಮಾರ್ಫಿನ್ ಎಂದೊಡನೆ ಬೆಚ್ಚಬೇಡಿ. ಅಳತೆಯರಿತು ಕೊಟ್ಟರೆ ಅದು ಉಸಿರುಗಟ್ಟುವ ಭಯವನ್ನು ತಗ್ಗಿಸುವ ಔಷಧ. ಮೂರನೆಯ ದಿನ ಮಗು ತಾಯಿಯ ಮಡಿಲಲ್ಲೇ ಪ್ರಭುವನ್ನು ಸೇರಿತು. ಅದಕ್ಕೂ ಮುನ್ನ ಒಮ್ಮೆ ಅತ್ತಿತು, ಕ್ಷೀಣವಾಗಿ. ಎಲ್ಲರಿಗೂ ಕೇಳಿಸಿತು.

ಆ ತೀರ್ಮಾನವನ್ನು ಇಂದು ಇನ್ನೊಂದು ಮಗುವಿಗೆ ಹಾಗೆಯೇ ಅನ್ವಯಿಸಲು ನಾನು ಒಪ್ಪೆನು. 2016ರ ಕೊನೆಗೆ ಅಮೆರಿಕದಲ್ಲಿ ಈ ಕಾಯಿಲೆಯ ಮೊದಲ ಔಷಧಕ್ಕೆ ಅನುಮತಿ ದೊರೆಯಿತು. ಬಳಿಕ ಬೇರೆಯವೂ ಬಂದಿವೆ. ಬೆಲೆ ಕೇಳಿದರೆ ಎದೆ ನಡುಗುತ್ತದೆ, ಅದು ಬೇರೆ ಮಾತು. ಆದರೂ ಔಷಧ ಸಿಗುವ ಮಗುವಿಗೆ ಅದೇ ಕೊಳವೆ ದಾಟಿಸುವ ಸೇತುವೆಯಾದೀತು.

ಹನ್ನೊಂದನೆಯ ದಿನದ ಪೂಜೆ ಮುಗಿದ ಮೇಲೆ ತಂದೆ ಆ ಕಫ ಹೀರುವ ಯಂತ್ರವನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಬಂದು ವಾರ್ಡಿನ ಸಿಸ್ಟರಿಗೆ ಒಪ್ಪಿಸಿದರು. ಸಾಲದ ಕಂತು ಇನ್ನೂ ಬಾಕಿಯಿತ್ತು.