ಸೊಹ್ರಾಬ್ ಸಾಯುವ ದಿನ

ಇವತ್ತು ಕೂರಲು ಜಾಗ ಸಿಕ್ಕರೆ ಪುಣ್ಯ. ಟೆಹರಾನ್ ಬಜಾರಿನ ಕಾಫಿಖಾನೆ (ಹೆಸರಿಗಷ್ಟೇ ಕಾಫಿ, ಎಲ್ಲರೂ ಕುಡಿಯುವುದು ಚಹಾ) ಹೊಸ್ತಿಲವರೆಗೂ ತುಂಬಿದೆ. ಇಪ್ಪತ್ತನೇ ಶತಮಾನದ ಆರಂಭ. ರೇಡಿಯೊ ಇನ್ನೂ ಬಂದಿಲ್ಲ. ಹುಕ್ಕಾದ ಹೊಗೆ, ಸಮೋವರಿನ ಹಬೆ, ಹಮಾಲರ ಬೆವರು. ಗೋಡೆಯ ಪಟದಲ್ಲಿ ಕವಲುಗಡ್ಡದ ರುಸ್ತುಂ, ಅವನ ಮಡಿಲಲ್ಲಿ ರಕ್ತ ಬಸಿಯುತ್ತಿರುವ ಹುಡುಗ.

ಕಥೆ ಹೇಳುವವನನ್ನು ಇಲ್ಲಿ ಮುರ್ಷಿದ್ ಎನ್ನುತ್ತಾರೆ. ಚಪ್ಪಾಳೆ ತಟ್ಟಿ ಕೋಲು ಎತ್ತುತ್ತಾನೆ. ಆ ಕೋಲೇ ಕತ್ತಿ, ಅದೇ ಕುದುರೆ. ಫಿರ್ದೌಸಿ 1010ರಲ್ಲಿ ಮುಗಿಸಿದ, ಸುಮಾರು 50,000 ದ್ವಿಪದಿಗಳ ಪರ್ಷಿಯನ್ ಮಹಾಕಾವ್ಯ ಶಾಹನಾಮೆಯ ಈ ಭಾಗ ಓದು ಬಾರದವರಿಗೂ ಗೊತ್ತು. ಮುಂದೇನಾಯಿತೆಂದು ತಿಳಿಯಲು ಯಾರೂ ಬಂದಿಲ್ಲ.

ಸೊಹ್ರಾಬ್ ರುಸ್ತುಮನನ್ನು, ತನ್ನ ತಂದೆಯೆಂದು ತಿಳಿಯದೆ, ಕೆಡವಿ ಎದೆಯ ಮೇಲೆ ಕೂತಿದ್ದಾನೆ, ಕಠಾರಿ ಹಿರಿದಿದ್ದಾನೆ. ಕೆಳಗಿನಿಂದ ಮುದುಕ ಹೇಳುತ್ತಾನೆ: ಮೊದಲ ಸಲ ಬಿದ್ದವನ ತಲೆ ಕಡಿಯುವುದು ನಮ್ಮಲ್ಲಿ ಪದ್ಧತಿಯಲ್ಲ. ಅಂಥ ಪದ್ಧತಿಯೇ ಇಲ್ಲ! ಹುಡುಗ ನಂಬಿ ಎದ್ದುಬಿಡುತ್ತಾನೆ. ನನ್ನನ್ನು ಕೇಳಿದರೆ ಅವನು ಸತ್ತದ್ದು ಇಲ್ಲಿಯೇ. ಕಠಾರಿ ಆಮೇಲಿನ ಮಾತು. ರುಸ್ತುಂ ದೇವರನ್ನು ಬೇಡಿ ಹಳೆಯ ಬಲ ಮರಳಿ ಪಡೆದು ಬರುತ್ತಾನೆ, ಹುಡುಗನನ್ನು ಕೆಡವುತ್ತಾನೆ. ಎರಡನೇ ಸಲಕ್ಕೆ ಕಾಯುವುದಿಲ್ಲ.

ಕೋಲು ನೆಲಕ್ಕೆ ಬಡಿಯುತ್ತದೆ. ನಿಮ್ಮ ಪಕ್ಕದ ಕಂಚುಗಾರ ಕಣ್ಣು ಒರೆಸಿಕೊಳ್ಳುತ್ತಾನೆ.

ನನ್ನಪ್ಪ ರುಸ್ತುಂ ನಿನ್ನನ್ನು ಬಿಡುವುದಿಲ್ಲ ಎನ್ನುತ್ತಾನೆ ಸೊಹ್ರಾಬ್. ಕವಚ ಬಿಚ್ಚಿದರೆ ತೋಳಿನಲ್ಲಿ ಮಣಿ: ಸಮಂಗಾನಿನಲ್ಲಿ ಹುಡುಗನ ತಾಯಿ ತಹ್ಮೀನೆಗೆ ರುಸ್ತುಮನೇ ಕೊಟ್ಟು ಬಂದದ್ದು. ಮುರ್ಷಿದ್ ತನ್ನ ತೋಳನ್ನೇ ಹಿಡಿದುಕೊಂಡು ಹಿಂದಕ್ಕೆ ತತ್ತರಿಸುತ್ತಾನೆ, ಪೇಟ ಕಿತ್ತೆಸೆಯುತ್ತಾನೆ.

ಗಾಯ ಮಾಯಿಸುವ ಮದ್ದು ದೊರೆ ಕಾವೂಸನ ಭಂಡಾರದಲ್ಲಿದೆ. ಅದನ್ನು ತರಲು ಸರದಾರ ಗೂದರ್ಜ್ ಕುದುರೆ ಏರಿ ಓಡುತ್ತಾನೆ. ದೊರೆ ಲೆಕ್ಕ ಹಾಕುತ್ತಾನೆ: ಒಬ್ಬ ರುಸ್ತುಮನೇ ನನಗೆ ಬಗ್ಗುವುದಿಲ್ಲ, ಇಂಥ ಮಗನೂ ಜೊತೆಗೂಡಿದರೆ ನನ್ನ ಸಿಂಹಾಸನದ ಗತಿಯೇನು? ಮದ್ದು ಕೊಡುವುದಿಲ್ಲ.

ಇಷ್ಟು ಹೊತ್ತು ಬಿಕ್ಕುತ್ತಿದ್ದವರು ಈಗ ಬೈಯುತ್ತಾರೆ. ರುಸ್ತುಮನನ್ನಲ್ಲ, ಕಾವೂಸನನ್ನು, ಅವನ ತಾಯಿ, ತಂದೆ, ಕಿರೀಟ ಯಾವುದನ್ನೂ ಬಿಡದೆ. ಮುರ್ಷಿದ್ ಅಡ್ಡಿಪಡಿಸುವುದಿಲ್ಲ. ಬೈಗುಳ ತಣ್ಣಗಾದ ಮೇಲೆ ತಟ್ಟೆ ಎತ್ತಿಕೊಂಡು ಸಾಲುಸಾಲಾಗಿ ಕಾಸಿಗೆ ಹೊರಡುತ್ತಾನೆ. ಗೂದರ್ಜ್ ಇನ್ನೂ ದಾರಿಯಲ್ಲಿದ್ದಾನೆ, ಹುಡುಗ ಇನ್ನೂ ಸತ್ತಿಲ್ಲ.