ಹಿಟ್ಟು ಉಬ್ಬುವ ಹೊತ್ತು

ಓಡುವವರನ್ನು ಜನ ಕೇಳುವ ಪ್ರಶ್ನೆ ಎರಡೇ. ಎಷ್ಟು ಕಿಲೋಮೀಟರ್? ಎಷ್ಟು ನಿಮಿಷ? ಆಫೀಸಿನ ಕಾಫಿ ಮಷಿನ್ ಮುಂದೆಯೂ ಅದೇ, ಮದುವೆಮನೆಯ ಊಟದ ಪಂಕ್ತಿಯಲ್ಲೂ ಅದೇ. ‘ಎಷ್ಟು ಹೊತ್ತು ಮಲಗ್ತೀಯ?’ ಅಂತ ಮಾತ್ರ ಯಾರೂ ಕೇಳಲ್ಲ. ನಾಲ್ಕು ವರ್ಷ ಓಡಿದ ಮೇಲೆ ನನಗೆ ಆ ಪ್ರಶ್ನೆ ಕೇಳಿದ ಮೊದಲ ವ್ಯಕ್ತಿ ಒಬ್ಬ ಡಾಕ್ಟರು. ಆಗ ನನ್ನ ಎಡಗೈಗೆ ಡ್ರಿಪ್ ಹಾಕಿತ್ತು.

ನಾನು ದೊಡ್ಡ ಓಟಗಾರ್ತಿಯೇನಲ್ಲ. ವಾರಕ್ಕೆ ಐದು ದಿನ ಲ್ಯಾಪ್‌ಟಾಪ್ ಮುಂದೆ ಕೂರುವ, ಜಯನಗರದ ಬಾಡಿಗೆ ಮನೆಯಿಂದ ಲಾಲ್‌ಬಾಗಿಗೆ ಓಡಿ ಹೋಗಿ ಬರುವ ಸಾವಿರಾರು ಜನರಲ್ಲಿ ಒಬ್ಬಳು. ವಾರಕ್ಕೆ ನಾಲ್ಕು ದಿನ ಓಟ. 10 ಕಿಲೋಮೀಟರಿಗೆ 58 ನಿಮಿಷ. ಬೆಂಗಳೂರಿನಲ್ಲಿ 2008ರಲ್ಲಿ ವರ್ಲ್ಡ್ 10ಕೆ ಶುರುವಾದ ಮೇಲೆ ನನ್ನಂಥವರಿಗೂ ಎದೆ ಮೇಲೆ ಬಿಬ್ ಚುಚ್ಚಿಕೊಂಡು ರಸ್ತೆಗಿಳಿಯುವ ಧೈರ್ಯ ಬಂತು. ನಮ್ಮನ್ನು ಯಾರೂ ಟೀವಿಯಲ್ಲಿ ತೋರಿಸಲ್ಲ. ಆದರೂ ನಮ್ಮ ಎರಡು ನಿಮಿಷದ ಸುಧಾರಣೆ ನಮಗೆ ಒಲಿಂಪಿಕ್ಸೇ.

ಹೋದ ವರ್ಷ ಜುಲೈನಲ್ಲಿ ಡೆಂಗಿ ಬಂತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲು ಹೊತ್ತು. ಮನೆಯಲ್ಲಿ ಕಚ್ಚಿತೋ, ಆಫೀಸಿನಲ್ಲೋ, ಹೇಳೋಕೆ ಆಗಲ್ಲ. ಮೂರು ದಿನ ಜ್ವರ, ಕಣ್ಣಿನ ಹಿಂದೆ ನೋವು, ಮೂಳೆಮೂಳೆಯಲ್ಲೂ ನೋವು. ನಾಲ್ಕನೇ ದಿನ ಜ್ವರ ಇಳಿಯಿತು, ಸದ್ಯ ಮುಗೀತು ಅಂದುಕೊಂಡೆ. ಡೆಂಗಿಯಲ್ಲಿ ಅಪಾಯದ ದಿನಗಳು ಶುರುವಾಗುವುದೇ ಜ್ವರ ಇಳಿಯುವ ಹೊತ್ತಿಗಂತೆ. ಪ್ಲೇಟ್‌ಲೆಟ್ ಒಂದೂವರೆ ಲಕ್ಷದ ಮೇಲಿರಬೇಕು, ನನ್ನದು 38 ಸಾವಿರ. ಡಾಕ್ಟರು ಮೊದಲು ಕೇಳಿದ್ದು ನಿದ್ದೆ ಬಗ್ಗೆ. ಆಮೇಲೆ, ‘ಓಡೋರು ಅಂತೀರ. ಬ್ಯಾಗಲ್ಲಿ ಐಬುಪ್ರೊಫೆನ್ ಇಟ್ಕೊಂಡಿದೀರಾ? ಅದನ್ನ ಮುಟ್ಟಬೇಡಿ, ರಕ್ತಸ್ರಾವ ಜಾಸ್ತಿ ಆಗಬಹುದು. ಬರೀ ಪ್ಯಾರಸಿಟಮಾಲ್’ ಅಂದರು. ಮಂಡಿ ನೋವಿಗೆ ಅಂತ ನಾವೆಲ್ಲ ಶೂ ಜೊತೆಗೇ ಇಟ್ಟುಕೊಳ್ಳುವ ಮಾತ್ರೆ ಅದು. ಮಳೆಗಾಲದಲ್ಲಿ ಜ್ವರ ಬಂದರೆ ಈ ಮಾತು ನೆನಪಿರಲಿ.

ಅರಸೀಕೆರೆಯಿಂದ ಅಮ್ಮ ಬಂದಳು. ಬಂದವಳೇ ತೀರ್ಪು ಕೊಟ್ಟಳು. ‘ಬೆಳಗಾಗೆದ್ದು ದೆವ್ವ ಹೊಕ್ಕೋರ ಹಾಗೆ ಓಡ್ತಿದ್ರೆ ಮೈಯಲ್ಲಿ ಇನ್ನೇನುಳಿಯತ್ತೆ?’

‘ಅಮ್ಮಾ, ಇದು ಸೊಳ್ಳೆಯಿಂದ ಬರೋದು.’

‘ಸೊಳ್ಳೆ ನಂಗೂ ಕಚ್ಚುತ್ತೆ. ನಂಗ್ಯಾಕೆ ಬರ್ಲಿಲ್ಲ?’

ಈ ವಾದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಶಕ್ತಿಯೂ ಇರಲಿಲ್ಲ. ಆರನೇ ದಿನ ಡಿಸ್ಚಾರ್ಜ್ ಆಗಿ ಬಂದಾಗ ಎರಡನೇ ಮಹಡಿಯ ಮನೆಗೆ ಹತ್ತಲಾಗದೆ ನಡುವೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಜೂನ್‌ನಲ್ಲಿ 16 ಕಿಲೋಮೀಟರ್ ಓಡಿದ ಕಾಲುಗಳವು. ಬೆಳಗ್ಗೆ ಎದ್ದ ತಕ್ಷಣ 56 ಇರುತ್ತಿದ್ದ ನಾಡಿಬಡಿತ 76ಕ್ಕೆ ಹೋಗಿತ್ತು.

ಮಲಗಿಯೇ ಇರುವವರಿಗೆ ಓದಲು ಟೈಮ್ ಇರುತ್ತೆ. ಓಟ ನಿಲ್ಲಿಸಿದರೆ ದೇಹ ಏನೇನು ಕಳೆದುಕೊಳ್ಳುತ್ತೆ ಅಂತ ಓದಿದೆ. ಮೊದಲು ಇಳಿಯುವುದು ರಕ್ತದ ನೀರಿನಂಶ, ಅಂದರೆ ಪ್ಲಾಸ್ಮಾ. ಕೆಲವೇ ದಿನಗಳಲ್ಲಿ ಅದು ಕಮ್ಮಿಯಾಗುತ್ತೆ. ಆಗ ಹೃದಯ ಒಂದೊಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗಿ, ಬಡಿತ ಏರುತ್ತೆ. ಕೆಲವು ವಾರಗಳಾದರೆ ಸ್ನಾಯುವಿನೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳೂ ಕುಗ್ಗುತ್ತವೆ. ಸಮಾಧಾನದ ವಿಷಯ ಅಂದರೆ, ಮೊದಲ ಸಲ ಕಟ್ಟಲು ಹಿಡಿದಷ್ಟು ಕಾಲ ಎರಡನೇ ಸಲ ಹಿಡಿಯಲ್ಲ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಓಡುವಾಗ ನಾವು ಗಟ್ಟಿಯಾಗುವುದಿಲ್ಲ. ಓಡುವಾಗ ಆಗುವುದು ಸವೆತ. ಸ್ನಾಯುಗಳಲ್ಲಿ ಸಣ್ಣ ಸಣ್ಣ ಗಾಯ, ಕೂಡಿಟ್ಟ ಗ್ಲೈಕೊಜನ್ ಖಾಲಿ. ರಿಪೇರಿ ನಡೆಯುವುದು ಆಮೇಲೆ, ತಿಂದು ಮಲಗಿದಾಗ. ರಿಪೇರಿಯಾಗುವ ಬೆಳವಣಿಗೆಯ ಹಾರ್ಮೋನಿನ ದೊಡ್ಡ ಪಾಲು ಬಿಡುಗಡೆಯಾಗುವುದು ಗಾಢ ನಿದ್ದೆಯಲ್ಲಿ. ಮೂಳೆಯ ಕಥೆ ಇನ್ನೂ ಸ್ವಾರಸ್ಯ. ಮೂಳೆಗೆ ಹೊಸ ಭಾರ ಬಿದ್ದರೆ ದೇಹ ಮೊದಲು ಹಳೆಯದನ್ನು ಕರಗಿಸಿ, ಆಮೇಲೆ ಹೊಸದನ್ನು ಕಟ್ಟುತ್ತೆ. ಈ ಎರಡರ ನಡುವಿನ ವಾರಗಳಲ್ಲಿ ಆ ಜಾಗ ಸ್ವಲ್ಪ ದುರ್ಬಲ. ಆ ಹೊತ್ತಲ್ಲಿ ಇನ್ನಷ್ಟು ಹೇರಿದರೆ ಸ್ಟ್ರೆಸ್ ಫ್ರ್ಯಾಕ್ಚರ್. ಉಸಿರು ಸುಧಾರಿಸಲು ವಾರಗಳು ಸಾಕು, ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಶ್ವಾಸಕೋಶ ‘ನಡಿ, ಓಡು’ ಅನ್ನುತ್ತಿರುತ್ತೆ, ಮೊಣಕಾಲ ಕೆಳಗಿನ ಮೂಳೆ ಇನ್ನೂ ಸಿಮೆಂಟ್ ಕಲಸುತ್ತಿರುತ್ತೆ!

ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಅವಳು ಇಡ್ಲಿ ಹಿಟ್ಟಿನ ಪಾತ್ರೆಗೆ ತಟ್ಟೆ ಮುಚ್ಚುತ್ತಿದ್ದಳು. ‘ಅದರಲ್ಲೇನಿದೆ? ರುಬ್ಬೋದು ಅರ್ಧ ಗಂಟೆ, ಉಬ್ಬೋದು ರಾತ್ರಿಯೆಲ್ಲ. ಮಧ್ಯದಲ್ಲಿ ಎದ್ದೆದ್ದು ಸೌಟು ಹಾಕಿ ತಿರುವಿದ್ರೆ ಇಡ್ಲಿ ಆಗುತ್ತಾ?’ ಅಂದಳು. ಮಾರನೇ ದಿನ ಮಳೆಯ ಚಳಿಗೆ ಹಿಟ್ಟು ಉಬ್ಬಿರಲಿಲ್ಲ. ಅಮ್ಮ ಬೈಯಲಿಲ್ಲ, ಗೊಣಗಲಿಲ್ಲ. ‘ಇನ್ನೂ ಸ್ವಲ್ಪ ಹೊತ್ತು ಬಿಡೋಣ’ ಅಂತ ಉಪ್ಪಿಟ್ಟು ಮಾಡಿದಳು.

ಜ್ವರ ಬಿಟ್ಟು ಎರಡು ವಾರವಾದ ಮೇಲೆ ಡಾಕ್ಟರು ನಡೆಯಲು ಅನುಮತಿ ಕೊಟ್ಟರು. ಅಮ್ಮ ಕೊಡಲಿಲ್ಲ. ‘ನಾನೂ ಬರ್ತೀನಿ. ನಿನ್ನ ನಂಬಕ್ಕಾಗಲ್ಲ’ ಅಂತ ಸೀರೆ ಮೇಲೆ ಸ್ವೆಟರ್ ಹಾಕಿಕೊಂಡು ಹೊರಟಳು. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ತುದಿಯಲ್ಲಿ ಕೆಂಪೇಗೌಡರ ಗೋಪುರ. ಮೊದಲ ದಿನ ನಾವು ಬಂಡೆಯ ಬುಡದವರೆಗೆ ಹೋಗಿ ಕೂತು ವಾಪಸ್ ಬಂದೆವು. ದಿನಾ ನಾನು ದಾಟಿ ಹೋಗುತ್ತಿದ್ದ ಒಬ್ಬ ತಾತ ಅವತ್ತು ನನ್ನನ್ನು ದಾಟಿ ಹೋದರು. ‘ಏನಮ್ಮಾ, ನಮ್ಮ ಕ್ಲಾಸಿಗೆ ಬಂದ್ಬಿಟ್ಯಾ?’ ಅಂದರು. ನಕ್ಕೆ. ಮನೆಗೆ ಬಂದು ಸ್ನಾನದ ಮನೆಯಲ್ಲಿ ಅತ್ತೆ.

ಅಕ್ಟೋಬರಿನ ಹಾಫ್ ಮ್ಯಾರಥಾನ್‌ಗೆ ದುಡ್ಡು ಕಟ್ಟಿಯಾಗಿತ್ತು. ಗೆಳತಿಯರು ಒಳ್ಳೇ ಮನಸ್ಸಿಂದಲೇ ಹೇಳಿದರು: ‘ನಿಧಾನವಾಗಿ ಮುಗಿಸಿದ್ರಾಯ್ತು ಕಣೇ, ಬಿಡಬೇಡ.’ ನಾನು ಬಿಟ್ಟೆ. ಹೇಳುವಷ್ಟು ಸುಲಭವಾಗಿರಲಿಲ್ಲ. ಮೂರು ತಿಂಗಳಿಗೊಮ್ಮೆ ಅಂಕಿ ತೋರಿಸಿ ಬದುಕುವ ಜನ ನಾವು. ಗ್ರಾಫ್ ಯಾವಾಗಲೂ ಬಲಕ್ಕೆ ಹೋದಂತೆ ಮೇಲಕ್ಕೇರಬೇಕು. ಸ್ಟ್ರಾವಾದಲ್ಲಿ ನನ್ನ ಗೆರೆ ಸೊನ್ನೆಯ ಮೇಲೆ ಮಲಗಿತ್ತು. ದಿನಾ ರಾತ್ರಿ ಅದನ್ನೇ ನೋಡಿ ಮಲಗುತ್ತಿದ್ದೆ. ಓಡದಿದ್ದರೆ ನಾನು ಯಾರು ಅನ್ನುವಷ್ಟರ ಮಟ್ಟಿಗೆ ಅದು ಕಾಡಿತು.

ಯಾಕೆ ಅಂತ ಗೊತ್ತಾದದ್ದು ನಡಿಗೆಯಲ್ಲೇ. ಒಂದು ಬೆಳಗ್ಗೆ ಅಮ್ಮ ಕೇಳಿದಳು, ‘ಅಷ್ಟೊತ್ತು ಒಬ್ಬಳೇ ಓಡ್ತೀಯಲ್ಲ, ಏನು ಯೋಚ್ನೆ ಮಾಡ್ತೀಯ?’ ಅಪ್ಪ ಹೋದ ವರ್ಷವೇ ನಾನು ಓಡಲು ಶುರು ಮಾಡಿದ್ದು. ತಿಥಿಯೆಲ್ಲ ಮುಗಿಸಿ ಬೆಂಗಳೂರಿಗೆ ಬಂದ ಮೂರನೇ ದಿನ ಶೂ ಕೊಂಡಿದ್ದೆ. ಅದನ್ನು ಹೇಳಿದೆ. ಅಮ್ಮ ಸ್ವಲ್ಪ ದೂರ ಸುಮ್ಮನೆ ನಡೆದಳು. ಆಮೇಲೆ, ‘ನೀನು ಓಡಿದೆ. ನಾನೆಲ್ಲಿಗೆ ಹೋಗ್ಲಿ?’ ಅಂದಳು. ನಾಲ್ಕು ವರ್ಷದಲ್ಲಿ ನಾವಿಬ್ಬರೂ ಅಪ್ಪನ ಬಗ್ಗೆ ಮಾತಾಡಿದ್ದು ಅವತ್ತೇ ಮೊದಲು. ಕೆರೆಯ ಏರಿ ಮೇಲೆ ಎರಡು ಸುತ್ತು ಜಾಸ್ತಿ ನಡೆದೆವು.

ಸೆಪ್ಟೆಂಬರಿನಲ್ಲಿ ಓಟ ಶುರು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಎಂಟು ಸಲ. ಅಮ್ಮ ಕಲ್ಲುಬೆಂಚಿನ ಮೇಲೆ ಕೂತು ಕೈಗಡಿಯಾರ ನೋಡಿ ‘ಸಾಕೂ!’ ಅಂತ ಕೂಗುತ್ತಿದ್ದಳು. ಸುತ್ತಲಿನವರೂ ನಿಂತುಬಿಡುತ್ತಿದ್ದರು. ವೇಗಕ್ಕೆ ಅಳತೆ ಒಂದೇ: ಅಮ್ಮ ದೂರದಿಂದ ಏನು ಕೇಳಿದರೂ ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡಲು ಆಗಬೇಕು. ‘ಹ್ಞೂಂ’, ‘ಇಲ್ಲ’ ಮಾತ್ರ ಬಾಯಿಂದ ಬಂದರೆ ಜೋರಾಯ್ತು ಅಂತ ಅರ್ಥ.

ಈ ಅಳತೆ ಹೊಸದಲ್ಲ. ನ್ಯೂಜಿಲೆಂಡಿನ ಆರ್ಥರ್ ಲಿಡಿಯರ್ಡ್ ತಮ್ಮ ಶಿಷ್ಯರಿಗೆ ತಿಂಗಳುಗಟ್ಟಲೆ ಹದವಾದ ದೂರದ ಓಟ ಮಾಡಿಸಿ, ಆಮೇಲಷ್ಟೇ ವೇಗ ಕಲಿಸುತ್ತಿದ್ದರು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಒಂದೇ ದಿನ ಅವರ ಇಬ್ಬರು ಶಿಷ್ಯರು ಚಿನ್ನ ಗೆದ್ದರು. 800 ಮೀಟರಿನಲ್ಲಿ ಪೀಟರ್ ಸ್ನೆಲ್, 5000 ಮೀಟರಿನಲ್ಲಿ ಮರ್ರಿ ಹಾಲ್ಬರ್ಗ್. ನಾರ್ವೆಯಲ್ಲಿ ಕೆಲಸ ಮಾಡುವ ವಿಜ್ಞಾನಿ ಸ್ಟೀಫನ್ ಸೈಲರ್ ದೊಡ್ಡ ಕ್ರೀಡಾಪಟುಗಳ ತರಬೇತಿಯನ್ನು ಲೆಕ್ಕ ಹಾಕಿದಾಗ, ಅದರಲ್ಲಿ ಸುಮಾರು 80 ಭಾಗ ನಿಧಾನದ್ದು, 20 ಭಾಗ ಮಾತ್ರ ಕಷ್ಟದ್ದು ಅಂತ ಕಂಡಿತು. 2019ರಲ್ಲಿ ವಿಯೆನ್ನಾದಲ್ಲಿ 42.195 ಕಿಲೋಮೀಟರನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದ ಎಲಿಯುಡ್ ಕಿಪ್ಚೊಗೆ ಅವರ ಸುಲಭದ ಓಟಗಳೂ ಅವರ ಮಟ್ಟಕ್ಕೆ ಬಹಳ ನಿಧಾನ. ನಮ್ಮಂಥ ಸಾಮಾನ್ಯರು ಮಾತ್ರ ದಿನಾ ಯಾರನ್ನೋ ಅಟ್ಟಿಸಿಕೊಂಡು ಹೋಗುವವರ ಹಾಗೆ ಓಡುತ್ತೇವೆ. ಟೈಮ್ ಇರುವುದು ಅರ್ಧ ಗಂಟೆ, ಅದರಲ್ಲಿ ಪೂರ್ತಿ ವಸೂಲಾಗಬೇಕು, ಅಲ್ವಾ?

ನಾನು ಪಾಲಿಸಿದ ನಿಯಮಗಳು ಸರಳ. ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲು ನಾಡಿ ನೋಡುವುದು. ಮಾಮೂಲಿಗಿಂತ ಏಳೆಂಟು ಬಡಿತ ಜಾಸ್ತಿ ಇದ್ದರೆ ಅವತ್ತು ಓಟವಿಲ್ಲ. ಒಂದೇ ವಾರದಲ್ಲಿ ದೂರ ಮತ್ತು ವೇಗ ಎರಡನ್ನೂ ಏರಿಸುವ ಹಾಗಿಲ್ಲ. ಮೂರು ವಾರ ಏರಿಸಿದರೆ ನಾಲ್ಕನೇ ವಾರ ಇಳಿಸುವುದು. ನೋವು ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸುವ ಹಾಗಿದ್ದರೆ ಡಾಕ್ಟರ ಹತ್ತಿರ. ಎರಡೂ ತೊಡೆಗಳಲ್ಲಿ ಹರಡಿಕೊಂಡ ನೋವು ಬೇರೆ. ಇಳಿಜಾರಿನ ಓಟದ ಮಾರನೇ ದಿನವೋ, ಮೂರನೇ ದಿನವೋ ಜೋರಾಗಿ ತಾನೇ ಹೋಗುತ್ತೆ. ರಾತ್ರಿ ಹತ್ತೂವರೆ ಮೇಲೆ ಆಫೀಸಿನ ಮೆಸೇಜ್ ನೋಡಲ್ಲ. ಈ ಕೊನೆಯದು ಎಲ್ಲಕ್ಕಿಂತ ಕಷ್ಟ. ಅಪ್ರೈಸಲ್‌ನಲ್ಲಿ ಅದರ ಪ್ರಸ್ತಾಪವೂ ಬಂತು. ಬರಲಿ.

ಅಮ್ಮ ದೀಪಾವಳಿಗೆ ಊರಿಗೆ ಹೋದಳು. ಡಿಸೆಂಬರಿನಲ್ಲಿ ನಡುವೆ ನಿಲ್ಲದೆ 5 ಕಿಲೋಮೀಟರ್ ಓಡಿದೆ. ಫೆಬ್ರವರಿಯಲ್ಲಿ ನಾಡಿ 58ಕ್ಕೆ ಬಂತು. ಏಪ್ರಿಲ್ ಕೊನೆಯ 10 ಕಿಲೋಮೀಟರ್ ಓಟಕ್ಕೆ ತೆಗೆದುಕೊಂಡದ್ದು 1 ಗಂಟೆ 1 ನಿಮಿಷ. ಹಳೆಯ ಟೈಮಿಗಿಂತ ಮೂರು ನಿಮಿಷ ಜಾಸ್ತಿ. ಕೊನೆಯ ಕಿಲೋಮೀಟರಿನಲ್ಲಿ ಇನ್ನೂ ಸ್ವಲ್ಪ ಉಸಿರು ಮಿಕ್ಕಿತ್ತು, ಪಕ್ಕದಲ್ಲಿ ಓಡುತ್ತಿದ್ದವರ ಜೊತೆ ಬಿಸಿಲಿನ ಬಗ್ಗೆ ಪೂರ್ತಿ ವಾಕ್ಯದಲ್ಲೇ ಮಾತಾಡಿದೆ. ಆ ಮೂರು ನಿಮಿಷ ವಾಪಸ್ ಬರಬಹುದು, ಬರದೆಯೂ ಇರಬಹುದು.

ಅರಸೀಕೆರೆಯಲ್ಲಿ ಅಮ್ಮ ಈಗ ದಿನಾ ಸಂಜೆ ನಡೆಯುತ್ತಾಳೆ, ಪಕ್ಕದ ಮನೆಯ ಆಂಟಿಯನ್ನೂ ಎಳೆದುಕೊಂಡು. ಮೂರು ತಿಂಗಳ ಸರಾಸರಿ ಸಕ್ಕರೆ 7.9 ಇದ್ದದ್ದು 7.1ಕ್ಕೆ ಇಳಿದಿದೆ. ಓಟ ಕೆಟ್ಟದ್ದು ಅನ್ನುವ ತೀರ್ಪನ್ನು ಅವಳು ಇನ್ನೂ ವಾಪಸ್ ತಗೊಂಡಿಲ್ಲ. ಸೋಮವಾರ ಮತ್ತು ಶುಕ್ರವಾರ ನನಗೆ ಓಟವಿಲ್ಲ, ಆ ಎರಡು ಸಂಜೆ ಅವಳು ನಡೆಯುವ ಹೊತ್ತಿಗೇ ನಾನೂ ಇಲ್ಲಿ ಇಯರ್‌ಫೋನ್ ಹಾಕಿಕೊಂಡು ನಡೆಯಲು ಹೊರಡುತ್ತೇನೆ. ಫೋನಿನಲ್ಲಿ ಅವಳ ಚಪ್ಪಲಿ ಸದ್ದು ಕೇಳುತ್ತಿರುತ್ತೆ. ನಡುವೆ ಅವಳಿಗೆ ಏದುಸಿರು ಬಂದರೆ ನಾನು ಹೇಳ್ತೀನಿ, ‘ಅಮ್ಮಾ, ಸ್ವಲ್ಪ ನಿಧಾನ.’